ಮಾರನಹಳ್ಳಿಯ ಆಚೆ ಗಂಡಿನ ಮನೆ

ಗಂಡಿನ ಕಡೆಯವರು ಮಗ್ಗೆ ಊರಿನ ನಮ್ಮ ಮನೆಗೆ ಬಂದು, ನನ್ನನ್ನು ನೋಡಿ, ಒಪ್ಪಿಗೆಯೆಂದು ಹೇಳಿ ಹೋಗಿದ್ದರು. ಇನ್ನು ನಾವು ಹೋಗಿ ಅವರ ಮನೆ ನೋಡಬೇಕಿತ್ತು. ನಮ್ಮ ಕಡೆ ಮೊದಲೆಲ್ಲ ಇದಕ್ಕೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. "ಅಲ್ಲಿ ಬಾಳೋಳು ನಾನು, ನೋಡೋರು ನೀವಾ?" ಎಂದು ಕೇಳಿದ್ದಕ್ಕೆ ಅಪ್ಪ ನಕ್ಕು, "ಸರಿ, ನೀನೂ ಹತ್ತು" ಎಂದರು. ನಾನಾಗ ಹಾಸನದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮಾರ್ಚ್ ತಿಂಗಳ ಒಂದು ಭಾನುವಾರ ಅಪ್ಪ, ಅಮ್ಮ, ನಾನು ಕಾರಿನಲ್ಲಿ ಹೊರಟೆವು.

ಸಕಲೇಶಪುರ ದಾಟಿ, ಘಾಟಿಯತ್ತ ಹೋಗುವ ಟ್ಯಾಂಕರ್‌ಗಳ ಹಿಂದೆ ತೆವಳಿಕೊಂಡು ಮಾರನಹಳ್ಳಿ ತಲುಪಿದಾಗ ಗಂಡಿನ ತಂದೆ ಹೆದ್ದಾರಿ ಬದಿಯಲ್ಲಿ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದರು. ದಪ್ಪ ಮೀಸೆಯ, ಸುಮ್ಮನಿರಲಾಗದ ಮನುಷ್ಯ.

"ನಿಮ್ ಕಾರು ಇಲ್ಲೇ ಅಂಗ್ಡಿ ಹತ್ರ ಇರ್ಲಿ. ನಮ್ಮೂರ್ ರಸ್ತೆಗೆ ಅದು ಆಗಾಕಿಲ್ಲ" ಎಂದರು.

ಆ ರಸ್ತೆಯಲ್ಲಿ ರಸ್ತೆಗಿಂತ ಬಂಡೆಯೇ ಹೆಚ್ಚಿತ್ತು. ಅಮ್ಮ ಜೀಪಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ವಾರದ ಹಿಂದೆ ಮಳೆ ಬಿದ್ದು ತೋಟಗಳಲ್ಲೆಲ್ಲ ಕಾಫಿ ಹೂ ಅರಳಿತ್ತು. ಗಿಡದ ರೆಂಬೆಗಳೆಲ್ಲ ಬೆಳ್ಳಗಾಗಿ, ಘಮಲು ಗಂಟಲಿಗೇ ಇಳಿಯುತ್ತಿತ್ತು. ಬಯಲಲ್ಲಿ ಶುಂಠಿ, ಜೋಳ ನೋಡಿ ಬೆಳೆದ ನಾನು ಅಷ್ಟು ಹೂವನ್ನು ಒಟ್ಟಿಗೆ ಕಂಡಿರಲಿಲ್ಲ.

ಊರೆಂದರೆ ಗುಡ್ಡದ ಮಗ್ಗುಲಿಗೆ ಅಲ್ಲೊಂದು ಇಲ್ಲೊಂದು ಮನೆ. ಜೀಪು ನಿಂತ ಕೂಡಲೇ ಗಂಡಿನ ತಾಯಿ ಅಂಗಳಕ್ಕೆ ಬಂದು, ಅಮ್ಮನ ಮುಖ ನೋಡಿ, "ಸೊಂಟ ಹಿಡ್ಕಂತಾ? ನಂಗೂ ಮದ್ವೆಯಾಗಿ ಬಂದಾಗ ಹಿಂಗೇ ಆಗಿತ್ತು. ಮೊದ್ಲು ಬಿಸ್ನೀರಲ್ಲಿ ಕಾಲು ತೊಳ್ಕಳಿ" ಎಂದರು. ಅಮ್ಮ ಅಲ್ಲಿಗೇ ಸೋತಳು. ನಾವು ನಡುಮನೆಯಲ್ಲಿ ಕೂರುವಷ್ಟರಲ್ಲಿ ಅವಳು ಅವರ ಅಡುಗೆಮನೆ ಸೇರಿ ಹೋಳಿಗೆ ತಟ್ಟುತ್ತಿದ್ದಳು. ಗಂಡಿನ ಮನೆಗೆ ಬಂದವಳು ಗಂಭೀರವಾಗಿರಬೇಕೆಂದು ದಾರಿಯುದ್ದಕ್ಕೂ ನನಗೆ ಪಾಠ ಹೇಳಿದ್ದವಳು.

ಎಳೆ ಹಲಸಿನಕಾಯಿ ಪಲ್ಯ, ಕಡುಬು, ಹೋಳಿಗೆಯ ಊಟ ಮುಗಿಯಿತು. ಅಪ್ಪ ಕೈಗಡಿಯಾರ ನೋಡಿಕೊಂಡರು. ಗಂಡಿನ ತಂದೆ ಅದನ್ನು ಗಮನಿಸಿ, "ಮನೆ ನೋಡಿದ್ರಿ. ಇನ್ನು ಊರು ನೋಡ್ಬೇಕಲ್ವ?" ಎಂದು ಎದ್ದೇಬಿಟ್ಟರು.

ಮೊದಲು ಅವರ ತೋಟದ ಕೆಳಗಿನ ಅಬ್ಬಿಗೆ ಕರೆದುಕೊಂಡು ಹೋದರು. ಬೇಸಿಗೆಯಾದ್ದರಿಂದ ನೀರು ಜಡೆಯಷ್ಟು ತೆಳ್ಳಗೆ ಬೀಳುತ್ತಿತ್ತು. ಅದು ತಮ್ಮದೇ ತಪ್ಪೇನೋ ಎಂಬಂತೆ ಅವರು, "ಶ್ರಾವಣದಾಗ್ ಬಂದ್ರೆ ಇಲ್ಲಿ ಆಡಿದ್ ಮಾತು ಕೇಳಾಕಿಲ್ಲ" ಎಂದರು. ಇಬ್ಬರು ತಾಯಂದಿರಿಗೆ ಅಷ್ಟೇ ನೀರು ಸಾಕಾಯಿತು. ಸೆರಗು ಸಿಕ್ಕಿಸಿ, ಕೈಕೈ ಹಿಡಿದು ಬಂಡೆಯ ಮೇಲೆ ನಿಂತು ಮುಖಕ್ಕೆ ನೀರು ಎರಚಿಕೊಂಡರು.

ಅಲ್ಲಿಂದ ಗುಡ್ಡ ಹತ್ತಿದೆವು, ಹುಡುಗ ಎಲ್ಲರ ಹಿಂದೆ. ನೆತ್ತಿಯಲ್ಲಿ ಮರವಿಲ್ಲ, ಒಣಗಿದ ಹುಲ್ಲು. ಮುಂದೆ ಕಾಡು ಕೆಳಕ್ಕಿಳಿದು, ಎದುರಿಗೆ ಮತ್ತೆ ಮೇಲೇರಿತ್ತು. ಗಂಡಿನ ತಂದೆ ಎದುರು ಬೆಟ್ಟದ ಸೊಂಟದಲ್ಲಿ ಗೀರಿದಂತಿದ್ದ ಒಂದು ಗೆರೆ ತೋರಿಸಿದರು.

"ಅದೇ ರೈಲು ಹಾದಿ. ಎಡಕುಮೇರಿ ಕಡೆಯಿಂದ ಮೇಲಕ್ಕೆ ಬತ್ತದೆ. ಇಲ್ಲಿಂದ ನೋಡಿದ್ರೆ ಕಂಬಳಿಹುಳ ಹರ್ದಂಗೆ ಕಾಣ್ತದೆ. ಅದ್ನ ನೋಡ್ದೆ ಹೋದ್ರೆ ನಮ್ಮೂರು ನೋಡಿದಂಗಲ್ಲ ಕಣ್ರೀ."

"ಎಷ್ಟೊತ್ತಿಗೆ ಬರುತ್ತೆ?" ಎಂದರು ಅಪ್ಪ.

"ಇನ್ನೇನು ಬಂದ್ಬುಡ್ತದೆ. ಕೂತ್ಕಳಿ."

ಕೂತೆವು. ರೈಲು ಬರಲಿಲ್ಲ. ಅಪ್ಪ ಹಸು ಕರೆಯುವ ಹೊತ್ತಾಯಿತೆಂದು ಗೊಣಗಿದರು. ತಾಯಂದಿರು ಸ್ವಲ್ಪ ದೂರ ಹೋಗಿ ತಲೆ ತಲೆ ಸೇರಿಸಿದರು. ಹುಡುಗ ಮತ್ತು ನಾನು ಒಂದು ಬಂಡೆಯ ಮೇಲೆ ಉಳಿದೆವು. ಅಲ್ಲಿಯವರೆಗೆ ಅವರು ನನ್ನೊಡನೆ ಆಡಿದ್ದು "ಇನ್ನೊಂದ್ ಕಡುಬು ಹಾಕ್ಸಿಕೊಳ್ಳಿ" ಎಂಬ ಮಾತು ಮಾತ್ರ.

"ಈ ಬಂಡೆ ಮೇಲೆ ಮಾತ್ರ ಫೋನ್ ಸಿಗೋದು. ಕತ್ಲಾದ್ರೆ ಆನೆ ಓಡಾಡ್ತವೆ. ನಿಮಗೆ ಇಲ್ಲಿರಾಕೆ ಆಗ್ತದಾ?" ಎಂದು ಕೇಳಿದರು. ಗದರಿಕೆಯಿಲ್ಲ, ನಯವಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದರು.

"ನನಗೆ ಸ್ಕೂಲು ಬಿಡೋ ಮನಸ್ಸಿಲ್ಲ" ಎಂದೆ. "ನೀವು ಹಾಸನದಲ್ಲಿ ಇರ್ತೀರಾ?"

ಅವರು ತೋಟದ ಕಡೆ ನೋಡಿದರು. "ಎರಡು ದಿನ ಇರ್ತೀನಿ. ಮೂರ್ನೇ ದಿನ ಓಡ್ಬುಡ್ತೀನಿ."

ನನಗೆ ನಗು ಬಂತು. ಅವರೂ ನಕ್ಕರು. ನನ್ನ ಎದೆಯ ಮೇಲಿಂದ ಏನೋ ಎತ್ತಿಟ್ಟಂತಾಯಿತು. ಆಮೇಲೆ ಮನಸ್ಸು ಬಿಚ್ಚಿ ಮಾತಾಡಿದೆವು. ಕರಿಮೆಣಸಿನ ಬಳ್ಳಿಯ ರೋಗದ ಬಗ್ಗೆ ಅವರು, ಬೀಜಗಣಿತಕ್ಕೆ ಹೆದರುವ ನನ್ನ ಒಂಬತ್ತನೇ ತರಗತಿಯ ಬಗ್ಗೆ ನಾನು. ದೂರದಿಂದ ನೋಡಿದ ಗಂಡಿನ ತಂದೆಗೆ ಮದುವೆ ಗಟ್ಟಿಯಾಯಿತೆಂದೇ ಅನಿಸಿರಬೇಕು, ಮೀಸೆ ತಿರುವುತ್ತಿದ್ದರು.

ಬಿಸಿಲು ಹಳದಿಯಾಗುವ ಹೊತ್ತಿಗೆ ಎಲ್ಲಿಂದಲೋ ಕೂಗು ಕೇಳಿಸಿತು. ಗೂಡ್ಸ್ ರೈಲೊಂದು ಸುರಂಗದಿಂದ ಹೊರಬಂದು, ಸೇತುವೆ ದಾಟಿ, ಇನ್ನೊಂದು ಸುರಂಗದೊಳಗೆ ನಿಧಾನವಾಗಿ ಹೋಯಿತು. ನಿಜಕ್ಕೂ ಕಂಬಳಿಹುಳದ ಹಾಗೇ ಇತ್ತು. ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವರು, ಅಷ್ಟು ಹೊತ್ತು ಗೊಣಗುತ್ತಿದ್ದ ನನ್ನಪ್ಪ.

ಮಾರನಹಳ್ಳಿಯಿಂದ ನಮ್ಮ ಕಾರು ಹೊರಟ ಮೇಲೆ ಈ ಮದುವೆ ಬೇಡವೆಂದು ನಾವಿಬ್ಬರೂ ಬಂಡೆಯ ಮೇಲೇ ತೀರ್ಮಾನಿಸಿದ್ದನ್ನು ನಾನು ಹೇಳಿದೆ. ಅಮ್ಮನ ಮಡಿಲಲ್ಲಿ ಗಂಡಿನ ತಾಯಿ ನೆಡಲು ಕೊಟ್ಟ ಮೆಣಸಿನ ಬಳ್ಳಿಯ ತುಂಡುಗಳ ಕಟ್ಟು ಇತ್ತು. ಅದನ್ನು ಸರಿಮಾಡಿಕೊಳ್ಳುತ್ತ, "ಹುಡುಗ ಬ್ಯಾಡ ಅಂದ್ರೆ ಬ್ಯಾಡ ಬಿಡು. ಅವರಮ್ಮನ್ನ ಮಾತ್ರ ನಾನು ಬುಡಾಕಿಲ್ಲ" ಎಂದಳು.

ಗಂಡಿನ ತಂದೆ ಬಂಡೆ ಹತ್ತಿ ಫೋನ್ ಮಾಡಿದಾಗ, ಸಂಬಂಧ ಕೂಡಲಿಲ್ಲವೆಂದು ಅಪ್ಪ ತಡವರಿಸುತ್ತ ಹೇಳುತ್ತಿದ್ದರೆ ಆ ಕಡೆಯಿಂದ ಹೆಂಗಸಿನ ದನಿ ಅಡ್ಡ ಬಂತು. "ಅದಿರ್ಲಿ, ಮಗನೂ ಹೇಳ್ದ. ಬಳ್ಳಿ ಚಿಗುರ್ತಾ ಕೇಳಿ."

ಅವರ ಮಗನ ಮದುವೆಗೆ ನನ್ನಮ್ಮ ಎರಡು ದಿನ ಮೊದಲೇ ಹೋಗಿ ಮನೆಯವಳಂತೆ ಓಡಾಡಿದಳು. ನನ್ನ ಮದುವೆಗೆ ಅವರು ಜೀಪಿನ ತುಂಬ ಬಾಳೆಗೊನೆ ತಂದರು. ನನ್ನ ಗಂಡ ಹಾಸನದವರೇ, ಇದನ್ನೆಲ್ಲ ಕೇಳಿ ನಗುತ್ತಾರೆ. ಈಗಲೂ ಪ್ರತಿ ವರ್ಷ ಕಾಫಿ ಹೂವಿನ ಕಾಲಕ್ಕೆ ನಾವೆಲ್ಲ ಆ ಮನೆಗೆ ಹೋಗುತ್ತೇವೆ. "ಈ ರಸ್ತೆ ನೋಡಿ ನೀವು ತಪ್ಪಿಸ್ಕಂಡ್ರಿ, ನಾನ್ ಸಿಕ್ಕಾಕ್ಕಂಡೆ" ಎಂದು ಅಲ್ಲಿಯ ಸೊಸೆ ನನ್ನನ್ನು ಛೇಡಿಸುತ್ತಾಳೆ. ಹೋದ ವಾರ ಇಬ್ಬರು ಅಮ್ಮಂದಿರೂ ಸೇರಿ ಬಿಸಿಲೆ ಘಾಟಿ ನೋಡಿಕೊಂಡು ಬಂದರಂತೆ. ನಮ್ಮನ್ನು ಯಾರೂ ಕರೆಯಲಿಲ್ಲ.