ನನ್ನ ಮದುವೆಗೆ ಅಮ್ಮನ ಅಡ್ಡಿ

ಇವತ್ತು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಮೊಬೈಲು ಟಿಂಗ್ ಅಂದಿತು. ನಮ್ಮ ಚರ್ಚಿನ ಗ್ರೂಪಿನಲ್ಲಿ ಯಾರದೋ ವಿವಾಹ ಪ್ರಕಟಣೆ, ಸುತ್ತ ಗುಲಾಬಿ ಹೂವಿನ ಚಿತ್ತಾರ. ಕೆಳಗೆ, 'ಈ ಮದುವೆಗೆ ಯಾರಿಗಾದರೂ ಅಡ್ಡಿಯಿದ್ದರೆ ತಿಳಿಸಬೇಕು' ಎಂಬ ಹಳೆಯ ವಾಕ್ಯ. ಅದಕ್ಕೆ ಜನ ಸಾಲಾಗಿ ಹೆಬ್ಬೆಟ್ಟು ಎತ್ತಿದ್ದರು. ಅಡ್ಡಿ ಇದೆಯೆಂದೋ ಇಲ್ಲವೆಂದೋ ದೇವರಿಗೇ ಗೊತ್ತು. ನಗುವುದರಲ್ಲಿ ದೋಸೆ ಸೀದುಹೋಯಿತು.

ನಗದೆ ಏನು ಮಾಡಲಿ ಹೇಳಿ? ನನ್ನ ಮದುವೆಗೆ ನಿಜವಾಗಿಯೂ ಅಡ್ಡಿ ಬಂದಿತ್ತು. ತಂದವಳು ನನ್ನ ಹೆತ್ತ ತಾಯಿ.

ಯಶವಂತಪುರ ಸ್ಟೇಷನ್ನಿನ ಹಿಂದೆ ನಮ್ಮ ಚರ್ಚು. ರೈಲು ಬಂದರೆ ಅಯ್ಯನವರು ಪ್ರಸಂಗ ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅಯ್ಯನವರೆಂದರೆ ನಮ್ಮ ಪಾದ್ರಿಗಳು. ಆಗ ಎಲ್ಲವೂ ಬದಲಾಗುತ್ತಿದ್ದ ಕಾಲ. ಹಾರ್ಮೋನಿಯಂ ಮೂಲೆ ಸೇರಿ ಗಿಟಾರು ಬಂತು, ಇಂಗ್ಲಿಷ್ ಆರಾಧನೆ ಶುರುವಾಯಿತು, ಡ್ರಮ್ಸಿಗೂ ಯಾರೂ ತಕರಾರೆತ್ತಲಿಲ್ಲ. ಬದಲಾಗದೆ ಉಳಿದದ್ದು ಹೆಂಗಸರ ಬಾಯಿಗೆ ಹಾಕಿದ ಬೀಗ. ಚರ್ಚಿನ ಮೀಟಿಂಗಿನಲ್ಲಿ ಅವರು ಕಾಫಿ ಕೊಡಬಹುದು, ಮಾತಾಡುವ ಹಾಗಿಲ್ಲ. ಮದುಮಗಳ ಕೈಯನ್ನು ಗಂಡನ ಕೈಗಿಡುವವನೂ ಗಂಡಸೇ ಆಗಿರಬೇಕು.

ನನಗೆ ಅಪ್ಪ ಇಲ್ಲ. ನರ್ಸ್ ಕೆಲಸ ಮಾಡಿ ಸಾಕಿದವಳು ಅಮ್ಮ. ನಾವು ಬದುಕಿದ್ದೇವೋ ಇಲ್ಲವೋ ಎಂದು ಒಮ್ಮೆಯೂ ಇಣುಕಿ ನೋಡದ ದೊಡ್ಡಪ್ಪ, ಕೋಟು ಹಾಕಿಕೊಂಡು ಬಂದು ನನ್ನ ಕೈ ಹಿಡಿದುಕೊಡುವುದೆಂದು ತೀರ್ಮಾನವಾಯಿತು. ಅಮ್ಮ ಚರ್ಚಿನ ಕಾರ್ಯದರ್ಶಿ ಸಮುವೇಲಪ್ಪನವರ ಬಳಿ ಹೋಗಿ, ನಾನೇ ಕೊಡುತ್ತೇನೆ ಎಂದು ಕೇಳಿಕೊಂಡಳು. "ಹಾಗೆಲ್ಲ ಇಲ್ಲಮ್ಮ, ಸಂಪ್ರದಾಯ" ಎಂದು ಕಳಿಸಿಬಿಟ್ಟರು.

ಮುಂದಿನ ಭಾನುವಾರ ನಮ್ಮ ಮದುವೆಯ ಪ್ರಕಟಣೆ. ಆಗೆಲ್ಲ ಅದನ್ನು ಆರಾಧನೆಯ ನಡುವೆ ಓದುತ್ತಿದ್ದರು. "ಯಾರಿಗಾದರೂ ಅಡ್ಡಿಯಿದ್ದರೆ ಈಗಲೇ ತಿಳಿಸಬೇಕು" ಎಂದರು ಅಯ್ಯನವರು. ಅದು ಎಲ್ಲರೂ ಕೆಮ್ಮಿಕೊಳ್ಳುವ, ಮುಂದಿನ ಕೀರ್ತನೆ ಹುಡುಕುವ ಹೊತ್ತು. ನನ್ನ ಪಕ್ಕ ಕೂತಿದ್ದ ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ನಂಗಿದೆ ಅಯ್ಯನವ್ರೇ."

ಅಯ್ಯೋ, ನನ್ನ ಜೀವವೇ ಬಾಯಿಗೆ ಬಂತು! ಆಚೆ ಸಾಲಿನಿಂದ ನನ್ನನ್ನು ಮದುವೆಯಾಗಲಿದ್ದ ಪ್ರಸಾದ್, ನಾನು ಇನ್ನೊಬ್ಬ ಗಂಡನನ್ನು ಎಲ್ಲೋ ಬಚ್ಚಿಟ್ಟಿದ್ದೇನೆ ಎಂಬಂತೆ ನನ್ನನ್ನೇ ನೋಡಿದರು.

"ಕೂತ್ಕೊಳಮ್ಮ, ಹೆಂಗಸ್ರು ಇಲ್ಲಿ ಮಾತಾಡೋ ಹಾಗಿಲ್ಲ" ಎಂದು ಸಮುವೇಲಪ್ಪನವರು ಗದರಿದರು.

"ನಾನಾಗೇ ಮಾತಾಡಿಲ್ಲ ಅಣ್ಣಾ. ಅಯ್ಯನವ್ರು ಕೇಳಿದ್ರು, ಹೇಳ್ದೆ. ಹುಡುಗ ಬಂಗಾರದಂಥವನು. ನನ್ ಮಗಳನ್ನ ಸಾಕ್ದೇ ಇರೋರು ಬಂದು ಕೊಡ್ತಾರಲ್ಲ, ಅದಕ್ಕೆ ನನ್ನ ಅಡ್ಡಿ. ಅದನ್ನ ಮನಸ್ಸಲ್ಲಿಟ್ಕೊಂಡು ದೇವ್ರ ಮುಂದೆ ಸುಮ್ನೆ ಕೂತಿರೋಕೆ ನಂಗೆ ಧೈರ್ಯ ಸಾಲ್ದು."

ಅಡ್ಡಿ ಬಂದರೆ ವಿಚಾರಿಸದೆ ಮದುವೆ ಮಾಡುವಂತಿಲ್ಲ. ಅದು ಸಮುವೇಲಪ್ಪನವರೇ ಕಾಪಾಡಿಕೊಂಡು ಬಂದ ನಿಯಮ. ಹಾಗಾಗಿ ಕಮಿಟಿ ಅಮ್ಮನನ್ನು ಕರೆಸಿ, ಕುರ್ಚಿ ಹಾಕಿ, ಕೇಳಲೇಬೇಕಾಯಿತು.

ಅಷ್ಟರಲ್ಲಿ ಮನೆಯಲ್ಲಿ ನಾನು ಕೂಗಾಡಿದ್ದೇನು ಕೇಳುತ್ತೀರಿ! "ನಿನ್ ಹಠಕ್ಕೆ ನನ್ ಮದುವೆ ಮುರಿದು ಹೋದ್ರೆ?"

ಅಮ್ಮ ಬೆಳ್ಳುಳ್ಳಿ ಸುಲಿಯುತ್ತಾ, "ನಂಗೂ ಅದೇ ಭಯ ಕಣೇ. ಪ್ರಾರ್ಥನೆ ಮಾಡ್ಕೊಂಡೇ ಎದ್ದೆ" ಎಂದಳು. ಆಮೇಲೆ ಮುಖ ತಿರುಗಿಸಿಕೊಂಡು ಅತ್ತಳು.

ಮದುವೆ ಮುರಿಯಲಿಲ್ಲ. ಕಮಿಟಿಯವರು "ಈ ಒಂದು ಸಲಕ್ಕೆ" ಎಂದು ಒಪ್ಪಿದರು. ಆ ಒಂದು ಸಲ ಇನ್ನೂ ಮುಗಿದಿಲ್ಲ. ಆಮೇಲೆ ಎಷ್ಟು ತಾಯಂದಿರು ಕೊಟ್ಟರೋ, ಕಮಿಟಿಗೂ ಹೆಂಗಸರು ಬಂದರು. ಮದುವೆ ದಿನ ಮಾತ್ರ ಒಂದು ತಮಾಷೆಯಾಯಿತು. "ಈ ವಧುವನ್ನು ಕೊಡುವವರು ಯಾರು?" ಎಂದಾಗ ಅಮ್ಮ "ನಾನು" ಎಂದಳು, ಆದರೆ ಕೈ ಬಿಡಲಿಲ್ಲ. "ಕರುಣಮ್ಮನವ್ರೇ, ಇಷ್ಟೆಲ್ಲ ಮಾಡಿದ್ದು ಕೊಡೋಕಲ್ವಾ, ಬಿಡಿ" ಎಂದು ಅಯ್ಯನವರು ಪಿಸುಗುಟ್ಟಿದರು. ಆ ಒರಟು ಅಂಗೈ ಈಗಲೂ ನೆನಪಾಗುತ್ತದೆ. ಅಮ್ಮ ಹೋಗಿ ಬಹಳ ವರ್ಷವಾಯಿತು.

ಇದನ್ನೆಲ್ಲ ನೆನೆದು ಖುಷಿಯಾಗಿದ್ದೆ ನೋಡಿ, ಮಧ್ಯಾಹ್ನ ಮತ್ತಿಕೆರೆಯ ನಮ್ಮ ಬೀದಿಯ ರೂಪಾ ಬಂದಳು. ಅವಳದೂ ಮದುವೆ ಗೊತ್ತಾಗಿದೆ.

"ಆಂಟಿ, ನೀವು ಕಮಿಟೀಲಿದ್ದೀರಲ್ಲ, ಒಂದ್ ಹೆಲ್ಪ್ ಮಾಡಿ. ನನ್ನನ್ನ ಯಾರೂ ಕೊಡೋದು ಬೇಡ. ನಾನೇನು ಸಾಮಾನಾ? ಒಬ್ಳೇ ನಡ್ಕೊಂಡು ಬರ್ತೀನಿ."

"ಹಾಗೆಲ್ಲ ಇಲ್ಲಮ್ಮ..." ಎಂದು ನನ್ನ ಬಾಯಿಂದಲೇ ಬಂತು. ಮುಂದಿನ ಪದ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

ಭಾನುವಾರ ಕಮಿಟಿಯಲ್ಲಿ ಎದ್ದು ಕೇಳುತ್ತೇನೆ ಎಂದು ಮಾತು ಕೊಟ್ಟು ಕಳಿಸಿದ್ದೇನೆ. ಅವಳು ಹೇಳಿದ್ದು ನನಗಿನ್ನೂ ಪೂರ್ತಿ ಒಪ್ಪಿಗೆಯಿಲ್ಲ, ಅಲ್ಲಿ ಒಬ್ಬರೂ ನನ್ನ ಪರ ನಿಲ್ಲುವುದಿಲ್ಲ ಎಂಬುದೂ ಗೊತ್ತು. ಹೆದರಿಕೆಯಾಗುತ್ತಿದೆ. ಅವತ್ತು ಅಮ್ಮನ ಮೇಲೆ ಕೂಗಾಡುವ ಬದಲು, ಏನೆಂದು ಪ್ರಾರ್ಥನೆ ಮಾಡಿಕೊಂಡು ಎದ್ದೆಯಮ್ಮ ಎಂದು ಕೇಳಿಟ್ಟುಕೊಳ್ಳಬೇಕಿತ್ತು.