ಟವೆಲಿನ ಕೆಳಗಿನ ದರ

ನಮ್ಮ ಪಕ್ಕದ ಮನೆಯವರು ಮುಧೋಳದ ದನದ ಸಂತೆಯಲ್ಲಿ ದಲಾಲರು. ಎತ್ತಿನ ದರವನ್ನು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಟವೆಲಿನ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದೇ ತಿಳಿಸುತ್ತಿದ್ದರು. ಯಾರಾದರೂ ಜೋರಾಗಿ ಕೇಳಿದರೆ, “ಬಾಯಿ ಮುಚ್ಚಲೇ, ಬೆರಳು ಹಿಡಿ” ಎಂದು ಗದರುತ್ತಿದ್ದರು.

ಅಂಥವರು ಒಂದು ಮುಂಜಾನೆ ಕಟ್ಟೆಯ ಮೇಲೆ ಕೂತು, ಬ್ಯಾಂಕಿನವರು ಮನೆಗೇ ಬಂದು ಗಂಟುಹಾಕಿದ್ದ ಕ್ರೆಡಿಟ್ ಕಾರ್ಡಿನ ನಂಬರನ್ನೂ, ಮೊಬೈಲಿಗೆ ಬಂದ ಓಟಿಪಿಯನ್ನೂ ಫೋನಿನಲ್ಲಿ ಓಣಿಗೆಲ್ಲ ಕೇಳುವಂತೆ ಓದಿ ಹೇಳಿದರು. ಬ್ಯಾಂಕಿನವನೆಂದು ಮಾತಾಡಿದ ಆ ಕಳ್ಳ ಅವರ ಕಾರ್ಡಿನಲ್ಲಿ ಟಿವಿ ಕೊಂಡ.

ನಾನೂ ಅವರೊಂದಿಗೆ ಬ್ಯಾಂಕಿಗೆ ಹೋದೆ. ಮ್ಯಾನೇಜರು ಅವರ ಮೊಬೈಲಿನಲ್ಲಿದ್ದ ಓಟಿಪಿಯ ಇಂಗ್ಲಿಷ್ ಮೆಸೇಜಿನ ಮೇಲೆ ಬೆರಳಿಟ್ಟು, “ಯಾರಿಗೂ ಹೇಳಬ್ಯಾಡ್ರಿ ಅಂತ ಇಲ್ಲೇ ಬರದೈತಲ್ರಿ?” ಎಂದರು.

ದಲಾಲರು ಹೆಗಲ ಟವೆಲನ್ನು ಮೇಜಿಗೆ ಅಪ್ಪಳಿಸಿದರು. “ನಿಮಗಿಂತ ಆ ಕಳ್ಳನೇ ಚಲೋರಿ! ಅಂವಾ ನನ್ನ ಜೋಡಿ ಕನ್ನಡದಾಗರೆ ಮಾತಾಡಿದ!”