ಕಣಿವೆಯ ಅಂಚಿನಲ್ಲಿ ಹತ್ತು ನಿಮಿಷ

2021ರಲ್ಲಿ ನಾನು ಕೌಲಾಲಂಪುರದ ಖಾಸಗಿ ಆಸ್ಪತ್ರೆಯೊಂದರ ಕೋವಿಡ್ ವಾರ್ಡಿನಲ್ಲಿ ಹಿರಿಯ ವೈದ್ಯೆ. ಪಿಪಿಇ, ಅಂದರೆ ಮೈಯೆಲ್ಲ ಮುಚ್ಚುವ ರಕ್ಷಣಾ ಉಡುಪು, ತೊಟ್ಟ ಮೇಲೆ ನೀರು ಕುಡಿಯಬೇಕೆಂದರೂ ಅದನ್ನು ಬಿಚ್ಚಿ ಹೊಸದನ್ನೇ ಹಾಕಿಕೊಳ್ಳಬೇಕು. ಉಡುಪು ಉಳಿಸಲೆಂದು ಆಪರೇಷನ್ಸ್ ಮ್ಯಾನೇಜರ್ ನಾಗರಾಜ್ ಏಳು ತಾಸಿನ ಪಾಳಿಯಲ್ಲಿದ್ದ ಎರಡೂ ವಾಟರ್ ಬ್ರೇಕ್‌ಗಳನ್ನು ರದ್ದು ಮಾಡಿದರು. ಅವರು ಉಡುಪಿಯವರು, ನಾನು ಮಣಿಪಾಲದವಳು; ಮಾತು ಕೇಳಿಯಾರು ಎಂದು ಹೋಗಿ ಜಗಳವಾಡಿದೆ.

“ಸ್ವಲ್ಪ ತಡ್ಕೊಳ್ಳಿ ಡಾಕ್ಟ್ರೇ,” ಎಂದರು, ಮಾತಿನ ಕೊನೆಗೆ ಮಲೇಷ್ಯಾದವರಂತೆ ‘ಲಾ’ ಸೇರಿಸಿ. “ನೀರಿಲ್ದೆ ಯಾರೂ ಸಾಯಲ್ಲ ಲಾ.”

ಮೂರನೇ ವಾರ ಭಟ್ಕಳದ ನರ್ಸ್ ಶಬಾನಾ ವಾರ್ಡಿನಲ್ಲೇ ಕುಸಿದಳು. ನೀರಿಲ್ಲದೆ ಕಿಡ್ನಿ ಕೈಕೊಟ್ಟು ಹತ್ತು ದಿನ ಡಯಾಲಿಸಿಸ್‌ನಲ್ಲಿದ್ದಳು. ಬದುಕಿಕೊಂಡಳು, ಕೆಲಸಕ್ಕೆ ಮರಳಲಿಲ್ಲ. ಆಗಲೂ ಬ್ರೇಕ್ ವಾಪಸ್ ಬರಲಿಲ್ಲ. ಅಂದಿನಿಂದ ನಾಗರಾಜರ ಮುಖ ಕಂಡರೆ ಸಿಟ್ಟಿನಲ್ಲಿ ದಾರಿ ಬದಲಿಸುತ್ತಿದ್ದೆ.

ಗಡಿಗಳು ತೆರೆದ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಆಸ್ಪತ್ರೆ ನಮ್ಮಲ್ಲಿ ಹನ್ನೆರಡು ಮಂದಿಯನ್ನು ಆಸ್ಟ್ರೇಲಿಯಾದ ಒಳನಾಡಿಗೆ ಪ್ರವಾಸ ಕಳಿಸಿತು. ತಂಡದ ಮುಖ್ಯಸ್ಥರು ನಾಗರಾಜ್, ವೈದ್ಯೆ ನಾನು. ಮರುಭೂಮಿಯ ಕಣಿವೆಯೊಂದರ ಅಂಚಿನ ಮೇಲೆ ಸುತ್ತು ಹಾಕುವ ಹೈಕ್ ಅದು. ಕೆಂಪು ಬಂಡೆ, ನೆರಳಿಲ್ಲ, ಬಗ್ಗಿ ನೋಡಿದರೆ ನೇರ ಪ್ರಪಾತ. ತಲಾ ಮೂರು ಲೀಟರ್ ನೀರು ಕಡ್ಡಾಯವಾಗಿತ್ತು.

ನಾಗರಾಜ್ ನಮ್ಮೂರ ಶಿಸ್ತಿನವರು, ಎಂಜಲಾಗಬಾರದೆಂದು ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು. ಅಂಚಿನ ಗಾಳಿಗೆ ಪ್ರತಿ ಸಲವೂ ಅರ್ಧ ನೀರು ಅಂಗಿಯ ಪಾಲು. ನಾನು ನೋಡಿಯೂ ಹೇಳಲಿಲ್ಲ. ನಾಲ್ಕನೇ ಕಿಲೋಮೀಟರಿಗೆ ಅವರ ನೀರು ಖಾಲಿಯಾಯಿತು. ಉಳಿದವರು ಗೈಡ್ ಜೊತೆ ಮುಂದೆ ಹೋಗಿದ್ದರು. ಕೊನೆಯವರ ಹಿಂದೆ ವೈದ್ಯೆ ಇರಬೇಕೆಂಬ ನಿಯಮದಂತೆ ನಾನು ಅವರ ಹಿಂದಿದ್ದೆ. ಅವರು ನೀರು ಕೇಳಿದರು. ನನ್ನ ಚೀಲದಲ್ಲಿ ಒಂದೂವರೆ ಲೀಟರ್ ಇತ್ತು.

“ಸ್ವಲ್ಪ ತಡ್ಕೊಳ್ಳಿ ಸರ್,” ಎಂದೆ. “ನೀರಿಲ್ದೆ ಯಾರೂ ಸಾಯಲ್ಲ ಲಾ.”

ಅವರಿಗೆ ಅರ್ಥವಾಯಿತು. ಮತ್ತೆ ಕೇಳದೆ ನಡೆದರು. ಹತ್ತು ನಿಮಿಷ ಅವರ ಬೆನ್ನು ನೋಡುತ್ತ ನಡೆದೆ. ಸುಳ್ಳೇಕೆ, ಖುಷಿಯಾಗಿತ್ತು. ಆಮೇಲೆ ಅವರ ಹೆಜ್ಜೆ ಅಂಚಿನತ್ತ ವಾಲತೊಡಗಿತು. ಕರೆದರೆ ತೊದಲಿದರು. ಹೀಟ್ ಸ್ಟ್ರೋಕ್ ಶುರುವಾಗುವುದು ಹೀಗೆಯೇ. ರಟ್ಟೆ ಹಿಡಿದು ಬಂಡೆಯ ಮರೆಗೆ ಎಳೆದು, ಅಂಗಿ ಬಿಚ್ಚಿಸಿ, ತಲೆಗೂ ಕುತ್ತಿಗೆಗೂ ನೀರು ಸುರಿದೆ. ಮಾತು ಸರಿಯಾದ ಮೇಲೆ ನನ್ನ ಎಂಜಲು ಬಾಟಲಿ ಕೊಟ್ಟೆ. ಅದನ್ನು ಬಾಯಿಗೇ ಕಚ್ಚಿಕೊಂಡು ಕುಡಿದರು.

ಇಂಥ ಘಟನೆಯಾದರೆ ವೈದ್ಯೆ ಇನ್ಸಿಡೆಂಟ್ ರಿಪೋರ್ಟ್ ಬರೆದು ಮುಖ್ಯಸ್ಥರ ಸಹಿ ಪಡೆಯಬೇಕು. ಕೌಲಾಲಂಪುರಕ್ಕೆ ಮರಳಿದ ಮೇಲೆ ಬರೆದೆ. ನೀರು ಕೇಳಿದ್ದು 10.40ಕ್ಕೆ, ಕೊಟ್ಟದ್ದು 10.50ರ ನಂತರ, ಕಾರಣ ವೈದ್ಯೆಯ ನಿರಾಕರಣೆ. ಅದರ ಕೆಳಗೇ ಶಬಾನಾಳ ಪ್ರಕರಣ ಸೇರಿಸಿದೆ: ಏಳು ತಾಸು ನೀರಿಲ್ಲ, ಕಾರಣ ಮ್ಯಾನೇಜರರ ಆದೇಶ. ಎರಡಕ್ಕೂ ಒಂದೇ ಸಹಿ; ನನ್ನ ತಪ್ಪು ದಾಖಲಾಗಬೇಕಿದ್ದರೆ ಅವರು ತಮ್ಮ ತಪ್ಪಿಗೂ ಸಹಿ ಹಾಕಲೇಬೇಕಿತ್ತು.

“ನಿಮ್ಮ ಲೈಸೆನ್ಸ್ ಹೋಗ್ಬಹುದು, ಡಾಕ್ಟ್ರೇ.”

“ಗೊತ್ತು. ಸೈನ್ ಮಾಡಿ.”

ಮಾಡಿದರು. ತನಿಖೆಯಲ್ಲಿ ಅವರ ಹುದ್ದೆ ಹೋಯಿತು, ನನಗೆ ಎಚ್ಚರಿಕೆ ಪತ್ರ ಬಂತು, ವಾರ್ಡಿಗೆ ವಾಟರ್ ಬ್ರೇಕ್ ಮರಳಿತು. ಶಬಾನಾ ಈಗ ಇಲ್ಲಿನ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ನ ಸೀರೆ ಅಂಗಡಿಯಲ್ಲಿದ್ದಾಳೆ. ಗೆದ್ದವಳಂತೆ ಹೋಗಿ, ಪಕ್ಕದ ಮಾಮಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿನಲ್ಲಿ ಚಹಾ ಕುಡಿಯುತ್ತ ಎಲ್ಲ ಹೇಳಿದೆ. ಅವಳು ಶಹಭಾಸ್ ಅನ್ನಲಿಲ್ಲ.

“ನನ್ನ ಗತಿ ನೋಡಿದ ಮೇಲೂ ಅವರನ್ನ ಹತ್ತು ನಿಮಿಷ ಕಾಯಿಸಿದ್ರಾ, ಮೇಡಂ?”

ಸಹಿ ಹಾಕಿಸಿಕೊಂಡದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಹೊಸ ವೈದ್ಯರಿಗೆ ಮಾತ್ರ ಹೇಳುತ್ತೇನೆ: ಸಿಟ್ಟನ್ನು ರಿಪೋರ್ಟಿನಲ್ಲಿ ಬರೆಯಿರಿ, ನೀರು ಕೇಳಿದವರಿಗೆ ಮೊದಲು ನೀರು ಕೊಡಿ.